ಬರಹಗಾರನ ಗುರುತು



ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಅಕ್ಕಿ ಮೂಟೆಗಳ ಮೇಲಿನ ಗುರುತುಗಳನ್ನು ನೀವು ನೋಡಿರಬಹುದು. ಕೊಳ್ಳುವವರು ಗುರುತು ನೋಡಿ ಮೂಟೆ ಆರಿಸುತ್ತಾರೆ. ಅಕ್ಕಿ ಚೆನ್ನಾಗಿದ್ದರೆ ಮತ್ತೆ ಅದನ್ನೇ ಹುಡುಕುತ್ತಾರೆ. ಬರಹಗಾರನಿಗೂ ಇಂಥದೊಂದು ಗುರುತು ಬೇಕು.

ನಮ್ಮಲ್ಲಿ ಇದು ಹೊಸದೇನಲ್ಲ. 12ನೆಯ ಶತಮಾನದ ವಚನಕಾರರಿಗೆ ಅಂಕಿತವಿತ್ತು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಗುಹೇಶ್ವರ ಎಂದೊಡನೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿ ನೆನಪಾಗುತ್ತಾರೆ. ಓಲೆಗರಿಗಳಲ್ಲಿ ಕೈಯಿಂದ ಕೈಗೆ ದಾಟಿ ಬಂದ ವಚನ ಯಾರದೆಂದು ತಿಳಿಯಲು ವಿದ್ವಾಂಸರಿಗೆ ಅಂಕಿತವೇ ಮುಖ್ಯ ಆಧಾರ. ಹೆಸರು ಅಳಿದು, ಅಂಕಿತವಷ್ಟೇ ಉಳಿದ ವಚನಕಾರರೂ ಇದ್ದಾರೆ.

ಅದು ಕಿವಿಗೆ ಸಿಗುವ ಗುರುತು. ಅಚ್ಚಿನ ಕಾಲದಲ್ಲಿ ಕಣ್ಣಿಗೆ ಸಿಗುವ ಗುರುತೂ ಸೇರಿತು: ಮುಖಪುಟ, ಅಕ್ಷರದ ರೂಪ, ಬಣ್ಣ. ಮೂಡಿಗೆರೆಯಲ್ಲಿ ನೆಲೆಸಿ ಬರೆದ ಪೂರ್ಣಚಂದ್ರ ತೇಜಸ್ವಿ (1938–2007) ಅವರ ಹಕ್ಕಿಗಳ ಪುಸ್ತಕಗಳಲ್ಲಿ ಅವರೇ ತೆಗೆದ ಛಾಯಾಚಿತ್ರಗಳಿವೆ. ಬರೆದ ಕಾಡೂ ತೋರಿಸಿದ ಕಾಡೂ ಒಂದೇ ಆದುದರಿಂದ ಓದುಗರು ಎರಡನ್ನೂ ನಂಬಿದರು.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಾಲೇಜುಗಳಲ್ಲಿ ಭಿತ್ತಿಪತ್ರಿಕೆಗೆ ಬರೆಯುವ ನೀವು ಹೀಗೆ ಮಾಡಿ ನೋಡಿ. ‘ನಾನು ಯಾವುದನ್ನು ಕುರಿತು ಬರೆಯುತ್ತೇನೆ?’ ಎಂದು ಮೊದಲು ಕೇಳಿಕೊಳ್ಳಿ. ಅದಕ್ಕೊಪ್ಪುವ ಒಂದು ಅಕ್ಷರಶೈಲಿ, ಎರಡು ಬಣ್ಣ, ಹೆಸರು ಬರೆಯುವ ಒಂದೇ ಬಗೆ ಆರಿಸಿಕೊಳ್ಳಿ. ವರ್ಷವಿಡೀ ಬದಲಿಸಬೇಡಿ. ಗುರುತು ತಿದ್ದಲು ಒಂದು ಗಂಟೆ ಕಳೆದರೆ ಬರಹ ತಿದ್ದಲು ಹತ್ತು ಗಂಟೆ ಕೊಡಿ. ಗೆಳೆಯರು ದೂರದಿಂದಲೇ ಕಂಡು, ಹತ್ತಿರ ಬಂದು ಕೊನೆಯವರೆಗೆ ಓದಿದರೆ, ನಿಮ್ಮ ಗುರುತು ನಿಂತಿತೆಂದು ತಿಳಿಯಿರಿ.