ಅಜ್ಜಿಯ ಜಪಸರದ ಕನ್ನಡ
ನಂಜನಗೂಡು, ತಿ. ನರಸೀಪುರ ಕಡೆ ಜೋಸೆಫ್, ಮೇರಿ ಅಂತ ಹೆಸರಿದ್ರೆ ಸಾಕು, "ಕನ್ನಡ ಬರುತ್ತಾ?" ಅಂತ ಕೇಳೋರನ್ನ ನೋಡಿದ್ದೀನಿ. ಅವರ ಚರ್ಚು 'ದೇವಾಲಯ', ಭಾನುವಾರದ ಆರಾಧನೆ 'ಬಲಿಪೂಜೆ', ಎರಡೂ ನಮ್ಮ ಮಾತೇ. ಕನ್ನಡದಲ್ಲಿ ಪೂರ್ತಿ ಬೈಬಲ್ 1831ರ ಹೊತ್ತಿಗೇ ಬಂದಿತ್ತು. ಪಾದ್ರಿ ಕಿಟೆಲ್ 1862ರಲ್ಲಿ ಕ್ರಿಸ್ತನ ಕಥೆಯನ್ನು 'ಕಥಾಮಾಲೆ' ಅಂತ ನಮ್ಮ ಛಂದಸ್ಸಿನಲ್ಲೇ ಬರೆದರು. 1894ರಲ್ಲಿ ನಿಘಂಟು ಕೊಟ್ಟರು. ಆ ನಿಘಂಟನ್ನು ಹೊಗಳೋ ನಾವು, ಪಕ್ಕದ ಬೀದಿಯ ಕ್ರೈಸ್ತರನ್ನು ಮಾತ್ರ ಹೊರಗಿನವರು ಅಂದ್ಕೊಂಡರೆ ಹೇಗೆ?

ಕ್ರೈಸ್ತ ಗೆಳೆಯರಿಗೂ ಒಂದು ಮಾತು. ಇಂಗ್ಲಿಷ್ ಪೂಜೆಗೆ ಹೋಗಿ, ತಪ್ಪೇನಿಲ್ಲ. ಆದರೆ ಅಜ್ಜಿ ಕನ್ನಡದಲ್ಲಿ ಹೇಳೋ ಜಪಸರ ಪ್ರಾರ್ಥನೆಯನ್ನು ಈ ವಾರವೇ ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಆ ದನಿ, ಆ ಧಾಟಿ ಯಾವ ನಿಘಂಟಿನಲ್ಲೂ ಸಿಗಲ್ಲ. ಮುಂದಿನ ಕಂತಲ್ಲಿ ಸಿಗೋಣ.