ಸೂಕ್ಷ್ಮದರ್ಶಕದ ಪರೀಕ್ಷೆಗೆ ಶೇಂಗಾ ಎಲೆಯನ್ನು ಸಿದ್ಧಪಡಿಸುವ ಕ್ರಮ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ ಒಂದು ಮುಖ್ಯವಾದ ಬೆಳೆಯಾಗಿರುವುದು. ಬಿತ್ತನೆಯಾದ ಒಂದೆರಡು ತಿಂಗಳಿಗೆ ಎಲೆಗಳ ಮೇಲೆ ಚುಕ್ಕೆಗಳು ಬಿದ್ದು, ಎಲೆ ಹಳದಿಯಾಗಿ ಉದುರತೊಡಗಿದರೆ ರೈತನು ಔಷಧದ ಅಂಗಡಿಗೆ ಓಡುವನು. ಅಲ್ಲಿ ಕೊಟ್ಟದ್ದನ್ನು ತಂದು ಸಿಂಪಡಿಸುವನು. ಆದರೆ ಎಲೆ ಹಳದಿಯಾಗುವುದಕ್ಕೆ ಬೂಷ್ಟು ಕಾರಣವಾಗಿರಬಹುದು, ಸುಣ್ಣದ ಅಂಶ ಹೆಚ್ಚಾದ ನೆಲದಲ್ಲಿ ಕಬ್ಬಿಣದ ಕೊರತೆಯೂ ಕಾರಣವಾಗಿರಬಹುದು. ಕೊರತೆಯಿಂದಾದುದಕ್ಕೆ ಬೂಷ್ಟಿನ ಔಷಧ ಹೊಡೆದರೆ ಹಣವು ಮಣ್ಣುಪಾಲು. ನಿಜವಾಗಿ ತಿಕ್ಕಾ ರೋಗವೇ ಆಗಿದ್ದು ಸುಮ್ಮನಿದ್ದರೆ ಇಳುವರಿ ಅರ್ಧಕ್ಕೆ ಇಳಿಯಲೂಬಹುದು, ದನಗಳಿಗೆ ಹೊಟ್ಟೂ ದಕ್ಕದು.

ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಕಾರಣವಾದ ಬೂಷ್ಟನ್ನು ಮೊದಲು ಪರಿಶೋಧಿಸಿ, ಆಮೇಲೆ ಬೋರ್ಡೋ ದ್ರಾವಣದ ಸಿಂಪಣೆಯನ್ನು ರೂಢಿಗೆ ತಂದರು. ಶೇಂಗಾದ ವಿಷಯದಲ್ಲಿಯೂ ಇದೇ ಕ್ರಮವು ಯುಕ್ತ.

ಪರೀಕ್ಷಾಲಯಕ್ಕೆ ಬರುವ ಎಲೆಗಳಲ್ಲಿ ಅನೇಕವು ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆತಿರುತ್ತವೆ. ಕಿತ್ತ ಎಲೆಯ ಜೀವಕೋಶಗಳು ತಮ್ಮ ರಸದಿಂದಲೇ ಕರಗತೊಡಗುವವು, ಸತ್ತ ಎಲೆಯನ್ನು ತಿನ್ನುವ ಬೇರೆ ಬೂಷ್ಟುಗಳು ಅದರ ಮೇಲೆ ಬೆಳೆಯುವವು. ಆಗ ಪರೀಕ್ಷಕನಿಗೆ ಕಾಣುವುದು ಕಳ್ಳನಲ್ಲ, ಕಳ್ಳತನವಾದ ಮೇಲೆ ನೋಡಲು ನೆರೆದ ಜನ.

ಆದಕಾರಣ ಇಬ್ಬನಿ ಆರಿದ ಮೇಲೆ, ರೋಗವು ಹೊಸದಾಗಿ ಹತ್ತಿದ ನಾಲ್ಕಾರು ಗಿಡಗಳಿಂದ ಎಲೆಗಳನ್ನು ಕೀಳತಕ್ಕದ್ದು. ಪೂರಾ ಒಣಗಿದ ಎಲೆ ಬೇಡ. ಒಂದು ಭಾಗವನ್ನು ಹಳೆಯ ವೃತ್ತಪತ್ರಿಕೆಯ ಮಡಿಕೆಗಳಲ್ಲಿ ಒತ್ತಿ, ದಿನಕ್ಕೊಮ್ಮೆ ಕಾಗದ ಬದಲಿಸಿ ನೆರಳಿನಲ್ಲಿ ಒಣಗಿಸಬೇಕು. ಬೂಷ್ಟನ್ನು ಜೀವಂತವಾಗಿ ಬೆಳೆಸಿ ನೋಡಬೇಕಾದರೆ ಈ ಭಾಗವೇ ಬೇಕು, ಏಕೆಂದರೆ ಔಷಧದಲ್ಲಿ ಅದ್ದಿದ ಬೂಷ್ಟು ಸಾಯುವುದು.

ಇನ್ನೊಂದು ಭಾಗದಲ್ಲಿ, ಚುಕ್ಕೆಯ ಅಂಚು ಮತ್ತು ಅದಕ್ಕೆ ತಗುಲಿದ ಹಸಿರು ಭಾಗ ಎರಡೂ ಸೇರುವಂತೆ, ಅರ್ಧ ಸೆಂಟಿಮೀಟರಿನಷ್ಟು ಚೂರುಗಳನ್ನು ಹರಿತವಾದ ಅಲಗಿನಿಂದ ಕತ್ತರಿಸಬೇಕು. ಬೂಷ್ಟು ಮುನ್ನಡೆಯುತ್ತಿರುವುದು ಈ ಅಂಚಿನಲ್ಲಿಯೇ. ನೂರಕ್ಕೆ ಎಪ್ಪತ್ತರ ಮದ್ಯಸಾರ 90 ಭಾಗ, ಅಸಿಟಿಕ್ ಆಮ್ಲ 5 ಭಾಗ, ಫಾರ್ಮಲಿನ್ 5 ಭಾಗ ಬೆರೆಸಿದ ದ್ರಾವಣದಲ್ಲಿ ಚೂರುಗಳನ್ನು ಕಿತ್ತ ಕೂಡಲೆ ಹಾಕತಕ್ಕದ್ದು. ಸಂಜೆ ಮನೆಗೆ ಹೋಗಿ ಹಾಕಿದರಾಯಿತೆಂಬುದು ಸರಿಯಲ್ಲ. ದ್ರಾವಣವು ಚೂರುಗಳ ಹತ್ತರಷ್ಟಾದರೂ ಇರಬೇಕು. ಇದು ವಿಷ, ಬೆಂಕಿಗೆ ಬೇಗ ಹತ್ತುವುದು, ಆವಿಯು ಕಣ್ಣಿಗೆ ಕೆಡುಕು. ಕೃಷಿ ಅಧಿಕಾರಿಗಳ ಕೈಯಲ್ಲಿಯೇ ಇದು ಇರುವುದು ಲೇಸು.

ಒಂದು ದಿನ ನೆನೆದ ಚೂರುಗಳನ್ನು ಪರೀಕ್ಷಾಲಯದಲ್ಲಿ ಮದ್ಯಸಾರದಿಂದ ನೀರು ತೆಗೆದು, ಮೇಣದಲ್ಲಿ ಕೂಡಿಸಿ, ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ತೆಳ್ಳಗೆ ಕೊಯ್ದು, ಬಣ್ಣ ಕಟ್ಟಿ ನೋಡುವರು. ತಿಕ್ಕಾದ ಎರಡು ಬಗೆಗಳು ಆಗ ಬೇರೆಯಾಗುವವು: ಮುಂಚೆ ಬರುವುದರ ಬೀಜಕಗಳು ಉದ್ದವಾಗಿ ಚಾಟಿಯಂತೆ ಸಪೂರ, ತಡವಾಗಿ ಬರುವುದರವು ಗಿಡ್ಡ ಮತ್ತು ದಪ್ಪ. ನಂಜಾಣುಗಳಿಂದ ಬಂದ ರೋಗವಾದರೆ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ರೋಗಾಣುವೇ ಕಾಣದು. ಅದಕ್ಕೆ ಬೇರೆ ಪರೀಕ್ಷೆ ಉಂಟು.

ಅದೇ ಹೊಲದ ಆರೋಗ್ಯವಾದ ಎಲೆಯೊಂದನ್ನೂ ಹೋಲಿಕೆಗಾಗಿ ಬೇರೆ ಸೀಸೆಯಲ್ಲಿ ಕಳುಹಿಸಬೇಕು. ಊರು, ತಳಿ, ಬಿತ್ತಿದ ದಿನ, ಕಿತ್ತ ದಿನ, ಆವರೆಗೆ ಹೊಡೆದ ಔಷಧ ಇವಿಷ್ಟನ್ನು ಸೀಸದ ಕಡ್ಡಿಯಿಂದ ಚೀಟಿಯಲ್ಲಿ ಬರೆದು ಸೀಸೆಯ ಒಳಗೇ ಹಾಕತಕ್ಕದ್ದು. ಶಾಯಿಯಲ್ಲಿ ಬರೆದರೆ ಮದ್ಯಸಾರದಲ್ಲಿ ಅಳಿಸಿಹೋಗಿ, ಯಾವ ಹೊಲದ ಎಲೆಯೆಂಬುದೇ ತಿಳಿಯದೆ ಸೀಸೆ ಹಾಗೆಯೇ ಉಳಿಯುವುದು.