ಗ್ರಾಮ ಪಂಚಾಯಿತಿಗಳಲ್ಲಿ ಹವಾಮಾನ ಮುನ್ಸೂಚನೆಯ ಬಳಕೆ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಶ್ರೀರಂಗಪಟ್ಟಣದಲ್ಲಿ ಬಿಸಿಲು ಕಾಯುತ್ತಿರುವ ದಿನವೇ ಕಾವೇರಿಯು ವೆಲ್ಲೆಸ್ಲಿ ಸೇತುವೆಯ ಕಂಬಗಳನ್ನು ಮುಳುಗಿಸುತ್ತ ಏರಿ ಬರುವುದುಂಟು. ಆ ಮಳೆ ಸುರಿದಿರುವುದು ಭಾಗಮಂಡಲ, ಮಡಿಕೇರಿಗಳಲ್ಲಿ. ಹೇಮಾವತಿಯ ಪಾಲಿಗೆ ಮೂಡಿಗೆರೆ, ಸಕಲೇಶಪುರಗಳ ಕಡೆ. ಆದುದರಿಂದ ನದಿತೀರದ ಸದಸ್ಯರು ಮೊಬೈಲಿನಲ್ಲಿ ತಮ್ಮ ಊರಿನ ಹೆಸರನ್ನಷ್ಟೇ ಹುಡುಕಿ, ಸೂರ್ಯನ ಚಿತ್ರ ಕಂಡು ನಿಶ್ಚಿಂತರಾಗುವುದು ತರವಲ್ಲ. ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮುನ್ಸೂಚನೆಯೇ ಅವರಿಗೆ ಮೊದಲು ಬೇಕಾದುದು.

ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಕಟ್ಟೆ ಆ ಮಟ್ಟ ಮುಟ್ಟಿರುವಾಗ ಒಳಹರಿವು ಹೆಚ್ಚಿದರೆ ನೀರನ್ನು ಹೊಳೆಗೆ ಬಿಡದೆ ಗತ್ಯಂತರವಿಲ್ಲ. ಜುಲೈ, ಆಗಸ್ಟ್ ಬಾರದೆ ಕಟ್ಟೆ ತುಂಬದೆಂಬ ರೂಢಿಯ ಲೆಕ್ಕವೂ ಈಗ ನಂಬತಕ್ಕದ್ದಲ್ಲ. 2025ರಲ್ಲಿ ಜೂನ್ ತಿಂಗಳು ಮುಗಿಯುವುದರೊಳಗೆ ಅದು ಭರ್ತಿಯಾಯಿತು. ಹೊಳೆದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ, ಸಂಗಮದಲ್ಲಿ ಸ್ನಾನಕ್ಕಿಳಿಯುವವರಿಗೆ, ರಂಗನತಿಟ್ಟಿನ ದೋಣಿಯವರಿಗೆ ಒಂದು ದಿನ ಮುಂಚಿತವಾಗಿ ತಿಳಿದರೂ ಉಪಕಾರವೇ.

ಘಟ್ಟದ ಮಳೆಗೆ ಮೂಲ ಸಮುದ್ರ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾದಾಗ ಪಡುವಣ ಗಾಳಿ ಬಲಗೊಂಡು ಘಟ್ಟದಲ್ಲಿ ಮಳೆ ಹೆಚ್ಚುವುದುಂಟು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆಗಳ ಎತ್ತರವನ್ನೂ ಗಾಳಿಯ ವೇಗವನ್ನೂ ಅಂತರಜಾಲದಲ್ಲಿ ಪ್ರಕಟಿಸುತ್ತದೆ. ಅದು ಮೀನುಗಾರರಿಗೂ ಸಮುದ್ರ ಸಂಶೋಧಕರಿಗೂ ಆಧಾರ. ಮಂಡ್ಯದವರಿಗೆ ಅಲೆಯ ಎತ್ತರದಿಂದ ಆಗಬೇಕಾದುದೇನೂ ಇಲ್ಲ. ಭಾರತ ಹವಾಮಾನ ಇಲಾಖೆಯ 'ಮೌಸಮ್' ಜಾಲತಾಣದ ಜಿಲ್ಲಾವಾರು ಎಚ್ಚರಿಕೆ ಸಾಕು. ಅದರಲ್ಲಿ ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 'ಭಾರೀ ಮಳೆ' ಎಂಬುದು ಬರಿಯ ಮಾತಲ್ಲ. 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ಮಾತ್ರ ಆ ಹೆಸರು. ಈ ದಿನದ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ.

2024ರ ಅಕ್ಟೋಬರ್ 24ರಿಂದ ಗ್ರಾಮ ಪಂಚಾಯಿತಿವಾರು ಮುನ್ಸೂಚನೆಯೂ ದೊರೆಯುತ್ತಿದೆ. 'ಇ-ಗ್ರಾಮಸ್ವರಾಜ್' ತಾಣದಲ್ಲಿ, 'ಮೇರಿ ಪಂಚಾಯತ್' ಆ್ಯಪ್‌ನಲ್ಲಿ ಅದನ್ನು ನೋಡಬಹುದು. ಆದರೆ ಮುನ್ಸೂಚನೆಯ ಗಣಕ ಮಾದರಿಯು ಭೂಮಿಯನ್ನು ಕಿಲೋಮೀಟರುಗಟ್ಟಲೆ ಅಗಲದ ಚೌಕಗಳಾಗಿ ಕಾಣುತ್ತದೆ. ಅಕ್ಕಪಕ್ಕದ ಎರಡು ಪಂಚಾಯಿತಿಗಳಿಗೆ ಒಂದೇ ಮುನ್ಸೂಚನೆ ಬಂದು, ಮಳೆ ಒಂದರಲ್ಲಿ ಮಾತ್ರ ಬಿದ್ದರೆ ಆಶ್ಚರ್ಯವಿಲ್ಲ.

ಬಿದ್ದದ್ದೆಷ್ಟು ಎಂಬುದನ್ನು ಹೇಳುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯಿತಿಗಳಲ್ಲಿ ಸ್ಥಾಪಿಸಿರುವ ಮಳೆ ಮಾಪಕ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರಕ್ಕೂ ಇಂಥ ಮಾಪಕದ ಅಂಕಿಗಳೇ ಆಧಾರ. ಮಾಪಕದ ಮೇಲೆ ಮರದ ಕೊಂಬೆ ಚಾಚಿದ್ದರೆ, ಅದರ ಕಂಬಕ್ಕೆ ದನ ಕಟ್ಟುತ್ತಿದ್ದರೆ, ನಷ್ಟ ಇಡೀ ಪಂಚಾಯಿತಿಯ ರೈತರಿಗೆ. ಸದಸ್ಯರು ತಿಂಗಳಿಗೊಮ್ಮೆಯಾದರೂ ಹೋಗಿ ಅದನ್ನು ಕಣ್ಣಾರೆ ನೋಡುವುದು ಅಗತ್ಯ.

ನಾಗಮಂಗಲದ ಬೆದ್ದಲು ಸೀಮೆಯ ಚಿಂತೆ ಬೇರೆ. ಅಲ್ಲಿ ಪ್ರವಾಹಕ್ಕಿಂತ ಏಪ್ರಿಲ್, ಮೇ ತಿಂಗಳ ಸಿಡಿಲು ಭಯಂಕರ. ಬಯಲಲ್ಲಿ ಕುರಿ ಮೇಯಿಸುವವರು ಮರದಡಿ ನಿಂತು ಅಪಾಯಕ್ಕೀಡಾಗುತ್ತಾರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸುತ್ತಮುತ್ತ ಸಿಡಿಲು ಬೀಳುತ್ತಿರುವುದನ್ನು ತಿಳಿಸುತ್ತದೆ. ಕುರಿಗಾಹಿಯ ಕೈಯಲ್ಲಿ ಅಂಥ ಫೋನ್ ಇಲ್ಲದಿರಬಹುದು. ಪಂಚಾಯಿತಿಯ ಸ್ವಚ್ಛ ವಾಹಿನಿಗೆ ಧ್ವನಿವರ್ಧಕವಿದ್ದರೆ, ಬೆಳಗಿನ ಹಾಡಿನ ನಡುವೆ ಆ ದಿನದ ಎಚ್ಚರಿಕೆಯನ್ನೂ ಎರಡು ಮಾತಿನಲ್ಲಿ ಸಾರಬಹುದು.